ಸ್ಕೀ ಆರಿಸುವಾಗ ಎತ್ತರಕ್ಕಿಂತ ತೂಕ ಮುಖ್ಯ

ಹಿಮದ ಮೇಲೆ ಜಾರಲು ಬೂಟಿಗೆ ಜೋಡಿಸುವ ಉದ್ದನೆಯ ಹಲಗೆಗಳನ್ನು, ಅಂದರೆ ಸ್ಕೀಗಳನ್ನು, ಬಾಡಿಗೆಗೆ ಕೊಡುವ ಅಂಗಡಿಗಳಲ್ಲಿ ಸಾಮಾನ್ಯವಾಗಿ ಒಂದು ಪದ್ಧತಿಯಿದೆ. ಸ್ಕೀಯನ್ನು ಗಿರಾಕಿಯ ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿ, ಅದರ ತುದಿ ಗಲ್ಲದ ಮಟ್ಟಕ್ಕೆ ಬರುತ್ತದೆಯೇ ಹಣೆಯ ಮಟ್ಟಕ್ಕೆ ಬರುತ್ತದೆಯೇ ಎಂದು ನೋಡುತ್ತಾರೆ. ಹೊಸಬರಿಗೆ ಗಲ್ಲದ ಮಟ್ಟ, ಪಳಗಿದವರಿಗೆ ಹಣೆಯ ಮಟ್ಟ. ಮೊದಲ ಅಂದಾಜಿಗೆ ಇದು ಸಾಕು. ಆದರೆ ಸ್ಕೀಯ ಮೇಲೆ ಬೀಳುವ ಬಲ ತೂಕದ್ದೇ ಹೊರತು ಎತ್ತರದ್ದಲ್ಲ. 170 ಸೆಂ.ಮೀ. ಎತ್ತರದ ಇಬ್ಬರಲ್ಲಿ ಒಬ್ಬರು 55 ಕಿಲೋ, ಇನ್ನೊಬ್ಬರು 85 ಕಿಲೋ ತೂಗಿದರೆ, ಗಲ್ಲದ ಲೆಕ್ಕದಲ್ಲಿ ಇಬ್ಬರಿಗೂ ಒಂದೇ ಸ್ಕೀ ಸಿಗುತ್ತದೆ. ಇಳಿಜಾರಿನಲ್ಲಿ ಮಾತ್ರ ಅದು ಇಬ್ಬರಿಗೂ ಒಂದೇ ರೀತಿ ಒಗ್ಗುವುದಿಲ್ಲ.

ಗಟ್ಟಿ ಹಿಮ, ಮೆತ್ತನೆಯ ಹಿಮ, ಉಬ್ಬುತಗ್ಗು, ಮರಗಳ ನಡುವಿನ ದಾರಿ ಎಲ್ಲಕ್ಕೂ ಒಂದೇ ಜೋಡಿ ಸಾಲಬೇಕೆಂಬ ಉದ್ದೇಶದಿಂದ ಮಾಡಿದ್ದು ಆಲ್-ಮೌಂಟನ್ ಸ್ಕೀ. ಇದರ ಮೇಲೆ 132-98-118 ಎಂಬಂತಹ ಮೂರು ಸಂಖ್ಯೆಗಳು ಅಚ್ಚಾಗಿರುತ್ತವೆ. ಇವು ಕ್ರಮವಾಗಿ ಮುಂತುದಿ, ನಡು ಮತ್ತು ಹಿಂತುದಿಯ ಅಗಲಗಳು, ಮಿಲಿಮೀಟರುಗಳಲ್ಲಿ. ನಡು ಕಿರಿದಾಗಿರುವುದರಿಂದ ಸ್ಕೀಯ ಉಕ್ಕಿನ ಅಂಚು ದೊಡ್ಡದೊಂದು ವೃತ್ತದ ಕಂಸವಾಗುತ್ತದೆ. ತುದಿಗಳ ಸರಾಸರಿ ಅಗಲ 125, ನಡು 98. ವ್ಯತ್ಯಾಸದ ಅರ್ಧ, ಅಂದರೆ 13.5 ಮಿ.ಮೀ., ಈ ಕಂಸದ ಆಳ. ಅಂಚು ಹಿಮವನ್ನು ಮುಟ್ಟುವ ಉದ್ದ 1.4 ಮೀಟರ್ ಎಂದುಕೊಂಡು, ಆ ಉದ್ದದ ವರ್ಗವನ್ನು ಆಳದ ಎಂಟರಷ್ಟರಿಂದ ಭಾಗಿಸಿದರೆ ಸುಮಾರು 18 ಮೀಟರ್ ತ್ರಿಜ್ಯ ಬರುತ್ತದೆ. ಸ್ಕೀಯನ್ನು ಓರೆಯಾಗಿಸಿದಷ್ಟೂ ಅದು ಹೆಚ್ಚು ಬಾಗಿ ತಿರುವು ಕಿರಿದಾಗುತ್ತದೆ. ಗಟ್ಟಿ ಹಿಮದ ಮೇಲೆ 60 ಡಿಗ್ರಿ ಓರೆ ಮಾಡಿದರೆ ತ್ರಿಜ್ಯ ಅರ್ಧಕ್ಕೆ, ಅಂದರೆ 9 ಮೀಟರಿಗೆ ಇಳಿಯುತ್ತದೆ. ಸ್ಲೊವೇನಿಯಾದ ಎಲಾನ್ ಕಂಪನಿ 1990ರ ದಶಕದ ಆರಂಭದಲ್ಲಿ ಎಸ್‌ಸಿಎಕ್ಸ್ ಎಂಬ ಮಾದರಿಯಲ್ಲಿ ಈ ಕಂಸವನ್ನು ಧಾರಾಳವಾಗಿ ಆಳಗೊಳಿಸಿತು. ಅದಕ್ಕೆ ಮೊದಲು ವಯಸ್ಕ ಗಂಡಸರು 2 ಮೀಟರ್ ಉದ್ದದ, ಬಹುಪಾಲು ನೇರವಾದ ಸ್ಕೀಗಳನ್ನು ಬಳಸುವುದು ಸಾಮಾನ್ಯವಾಗಿತ್ತು.

ಈ ಬಾಗುವಿಕೆಯಲ್ಲೇ ತೂಕದ ಪ್ರಶ್ನೆ ಬರುತ್ತದೆ. ಸ್ಕೀ ಎಂದರೆ ನಡುವೆ ಭಾರ ಹೊತ್ತ ಒಂದು ತೊಲೆ. ಅದು ವ್ಯಕ್ತಿಯ ತೂಕಕ್ಕೆ ಮೀರಿ ಬಿಗಿಯಾಗಿದ್ದರೆ ಭಾರವೆಲ್ಲ ತುದಿಗಳಿಗೆ ಹೋಗಿ, ಪಾದದ ಕೆಳಗಿನ ಅಂಚು ಹಿಮವನ್ನು ಸರಿಯಾಗಿ ಕಚ್ಚುವುದಿಲ್ಲ. ತಿರುವಿಗೆ ಎಳೆದರೂ ಸ್ಕೀ ನೇರವಾಗಿಯೇ ಹೋಗಲು ನೋಡುತ್ತದೆ. ಅತಿ ಮೆದುವಾಗಿದ್ದರೆ ಭಾರ ಪಾದದ ಕೆಳಗೇ ಉಳಿದು, ವೇಗ ಹೆಚ್ಚಿದಂತೆ ಮುಂತುದಿ ಪಟಪಟನೆ ಅದುರುತ್ತದೆ. ತೊಲೆಯ ಬಿಗಿತ ದಪ್ಪದ ಘನಕ್ಕೆ ಅನುಗುಣವಾಗಿರುವುದರಿಂದ, ದಪ್ಪ ಹತ್ತು ಶೇಕಡಾ ಹೆಚ್ಚಾದರೆ ಬಿಗಿತ ಮೂರನೇ ಒಂದರಷ್ಟು ಏರುತ್ತದೆ. ಬರಿಗಣ್ಣಿಗೆ ಒಂದೇ ಎನಿಸುವ ಎರಡು ಸ್ಕೀಗಳ ನಡುವಿನ ಅಂತರ ದೊಡ್ಡದಿರಬಹುದು. ಒಂದೇ ಮಾದರಿಯಲ್ಲಿ ಉದ್ದನೆಯ ಅಳತೆಗಳನ್ನು ಸಾಮಾನ್ಯವಾಗಿ ಹೆಚ್ಚು ಬಿಗಿಯಾಗಿಯೇ ತಯಾರಿಸುತ್ತಾರೆ. ಆದ್ದರಿಂದ ಎತ್ತರವಿದ್ದೂ ತೆಳ್ಳಗಿರುವವರು ಎತ್ತರ ನೋಡಿ ಉದ್ದ ಸೂಚಿಸುವ ಅಳತೆಪಟ್ಟಿ ಹೇಳುವುದಕ್ಕಿಂತ ಒಂದು ಅಳತೆ ಕಡಿಮೆ ತೆಗೆದುಕೊಂಡರೆ ಮೋಸವಿಲ್ಲ.

ಇನ್ನು ಅಗಲದ ವಿಚಾರ. ಹೊಸದಾಗಿ ಬಿದ್ದ ಒಣ ಹಿಮ ಘನಮೀಟರಿಗೆ ನೂರು ಕಿಲೋಗಿಂತ ಕಡಿಮೆ ತೂಗುವುದುಂಟು. ಅದರ ಬಹುಭಾಗ ಗಾಳಿಯೇ. ಅಲ್ಲಿ ಮುಳುಗದಿರಲು ಬೇಕಾದದ್ದು ವಿಸ್ತೀರ್ಣ, ಕೆಸರುಗದ್ದೆಗೆ ಹಲಗೆ ಹಾಸಿ ನಡೆದಂತೆ. 180 ಸೆಂ.ಮೀ. ಉದ್ದ, ಸರಾಸರಿ 11 ಸೆಂ.ಮೀ. ಅಗಲದ ಜೋಡಿಯ ಮೇಲೆ 75 ಕಿಲೋ ತೂಕದವರು ನಿಂತರೆ ಚದರ ಸೆಂಟಿಮೀಟರಿಗೆ ಸುಮಾರು 19 ಗ್ರಾಂ ಭಾರ ಬೀಳುತ್ತದೆ. 55 ಕಿಲೋದವರು ಅಷ್ಟೇ ಒತ್ತಡ ಪಡೆಯಲು 15 ಸೆಂ.ಮೀ. ಗಿಡ್ಡ, 2 ಸೆಂ.ಮೀ. ಕಿರಿದಾದ ಸ್ಕೀ ಸಾಕು. ಪುಡಿಹಿಮಕ್ಕೆ ಎಲ್ಲರೂ ನಡುವಿನಲ್ಲಿ 110 ಮಿ.ಮೀ. ಅಗಲದ ಸ್ಕೀ ಕೊಳ್ಳಬೇಕೆಂಬ ಮಾತಿನಲ್ಲಿ ಈ ಲೆಕ್ಕ ಸೇರಿಲ್ಲ.

ಅಗಲಕ್ಕೆ ಬೆಲೆಯನ್ನೂ ತೆರಬೇಕು. ಗಟ್ಟಿ ಹಿಮದಲ್ಲಿ ಇಡೀ ಭಾರ ಒಂದು ಅಂಚಿನ ಮೇಲಿರುತ್ತದೆ, ಮತ್ತು ಆ ಅಂಚು ಪಾದದ ಮಧ್ಯರೇಖೆಯಿಂದ ನಡುವಿನ ಅಗಲದ ಅರ್ಧದಷ್ಟು ದೂರದಲ್ಲಿರುತ್ತದೆ. 75 ಮಿ.ಮೀ. ಸ್ಕೀಯಲ್ಲಿ ಆ ದೂರ 37.5 ಮಿ.ಮೀ., 105ರಲ್ಲಿ 52.5. ಓರೆಯಾದ ಸ್ಕೀಯನ್ನು ಮತ್ತೆ ಮಟ್ಟಸವಾಗಿಸಲು ಹವಣಿಸುವ ತಿರುಚು ಬಲ ಇದರಿಂದ ಶೇಕಡಾ 40ರಷ್ಟು ಹೆಚ್ಚುತ್ತದೆ. ಅದನ್ನು ದಿನವಿಡೀ ತಡೆಯಬೇಕಾದದ್ದು ಕಣಕಾಲು ಮತ್ತು ಮಂಡಿ. ಅಗಲವಾದ ಸ್ಕೀ ಒಂದು ಅಂಚಿನಿಂದ ಇನ್ನೊಂದಕ್ಕೆ ಹೊರಳುವುದೂ ನಿಧಾನ.

ಹೀಗಾಗಿ ಜಾಗವನ್ನು ನೋಡಿ ಅಗಲ ಆರಿಸಬೇಕು. ಹಿಮ ಮತ್ತೆ ಮತ್ತೆ ಕರಗಿ ಹೆಪ್ಪುಗಟ್ಟುವ ಅಮೆರಿಕದ ವರ್ಮಾಂಟ್‌ನಲ್ಲಿ, ಯಂತ್ರಗಳಿಂದ ಹದಗೊಳಿಸಿದ ಆಲ್ಪ್ಸ್ ಇಳಿಜಾರುಗಳಲ್ಲಿ 80ರಿಂದ 90 ಮಿ.ಮೀ. ಹಿತವಾಗಿರುತ್ತದೆ, ಒಣ ಹಿಮಕ್ಕೆ ಹೆಸರಾದ ಯೂಟಾ, ಕೊಲರಾಡೊಗಳಲ್ಲಿ 95ರಿಂದ 105. ನಮ್ಮ ಗುಲ್ಮಾರ್ಗ್ ಎರಡನ್ನೂ ಬೇಡುವ ಜಾಗ. ಕೆಳಗೆ ಸುಮಾರು 2,650 ಮೀಟರ್ ಎತ್ತರದ ಬಟ್ಟಲಿನಲ್ಲಿ ಕಲಿಯುವವರು ತುಳಿದು ಗಟ್ಟಿಯಾದ ಇಳಿಜಾರುಗಳಿವೆ. ಗೊಂಡೋಲಾದ (ತಂತಿಯ ಮೇಲೆ ಸಾಗುವ ಕೇಬಲ್ ಕಾರಿನ) ಎರಡನೇ ಹಂತ ಅಫರ್ವಟ್ ಪರ್ವತದ ಮೇಲೆ 3,900 ಮೀಟರಿಗೂ ಎತ್ತರಕ್ಕೆ ಒಯ್ದು, ಯಂತ್ರ ಮುಟ್ಟದ ಹಿಮದಲ್ಲಿ ಬಿಡುತ್ತದೆ. (ಅಲ್ಲಿ ಹಿಮಕುಸಿತದ ಅಪಾಯಕ್ಕೂ ಸ್ಕೀಯ ಅಗಲಕ್ಕೂ ಸಂಬಂಧವಿಲ್ಲ, ಗಸ್ತು ತಂಡದ ಮುನ್ಸೂಚನೆಯನ್ನೇ ಕೇಳಬೇಕು.)

ಈ ಇಕ್ಕಟ್ಟನ್ನು ಸ್ವಲ್ಪ ಸಡಿಲಿಸುವುದು ರಾಕರ್, ಅಂದರೆ ತುದಿ ಬರುವುದಕ್ಕೆ ಸಾಕಷ್ಟು ಮೊದಲೇ ಸ್ಕೀಯನ್ನು ಮೇಲಕ್ಕೆ ಬಾಗಿಸುವ ವಿನ್ಯಾಸ. ಗಟ್ಟಿ ಹಿಮದಲ್ಲಿ ಎತ್ತಿದ ಭಾಗ ನೆಲ ಮುಟ್ಟದೆ ಸ್ಕೀ ಗಿಡ್ಡದಂತೆ ತಿರುಗುತ್ತದೆ; ಪುಡಿಹಿಮದಲ್ಲಿ ಪೂರ್ತಿ ಉದ್ದ ತೇಲಿಸುತ್ತದೆ. ರಾಕರ್ ಇದ್ದರೆ 5 ಸೆಂ.ಮೀ. ಉದ್ದ ಹೆಚ್ಚು ಕೊಂಡರೂ ತೊಂದರೆಯಿಲ್ಲ. ಅಫರ್ವಟ್‌ಗೆ ಹೋಗುವಷ್ಟು ಕಲಿತ, 60 ಕಿಲೋ ತೂಗುವ, 168 ಸೆಂ.ಮೀ. ಎತ್ತರದ ಒಬ್ಬರು ನನ್ನನ್ನು ಕೇಳಿದರೆ, ಮುಂತುದಿಯಲ್ಲಿ ರಾಕರ್ ಇರುವ, ಒಳಗೆ ಬಿಗಿತ ಹೆಚ್ಚಿಸುವ ಲೋಹದ ಹಾಳೆಯಿಲ್ಲದ, ನಡುವಿನಲ್ಲಿ 95 ಮಿ.ಮೀ. ಅಗಲದ 165 ಸೆಂ.ಮೀ. ಸ್ಕೀಯನ್ನು ಮೊದಲು ಬಾಡಿಗೆಗೆ ಪಡೆದು ನೋಡಿ, ಉಳಿದ ಹಣವನ್ನು ಕಾಲಿಗೆ ಸರಿಹೊಂದುವ ಬೂಟಿಗೆ ಹಾಕಿ ಎನ್ನುತ್ತೇನೆ.