ಪದ ಪರಿಚಯ: ಅಡಮಾನ

ಮೈಸೂರಿನಲ್ಲಿ ಮನೆ ಹುಡುಕಿದವರಿಗೆ ‘ಬಾಡಿಗೆಗೋ, ಭೋಗ್ಯಕ್ಕೋ?’ ಎಂಬ ಪ್ರಶ್ನೆ ಹೊಸದಲ್ಲ. ಮಾಲೀಕರಿಗೆ ಒಂದೇ ಗಂಟಿನಲ್ಲಿ ದುಡ್ಡು ಕೊಟ್ಟು, ಬಾಡಿಗೆಯಿಲ್ಲದೆ ವಾಸವಿದ್ದು, ಅವಧಿ ಮುಗಿದಾಗ ಆ ಹಣವನ್ನು ಬಡ್ಡಿಯಿಲ್ಲದೆ ಹಿಂಪಡೆಯುವ ಏರ್ಪಾಟಿಗೆ ಭೋಗ್ಯವೆನ್ನುತ್ತೇವೆ. ಅಂದರೆ ಇಲ್ಲಿ ಸಾಲ ಕೊಟ್ಟವರೇ ಮನೆಯೊಳಗಿರುತ್ತಾರೆ. ಸಾಲಕ್ಕೆ ಸ್ವತ್ತನ್ನು ಭದ್ರತೆಯಾಗಿ ಇಡುವುದೇ ಅಡಮಾನ; ಭೋಗ್ಯವೂ ಅದರಲ್ಲೊಂದು ಬಗೆ. ಗೃಹಸಾಲದ ಅಡಮಾನದಲ್ಲಿ ಈ ಏರ್ಪಾಟು ತಿರುಗುಮುರುಗಾಗುತ್ತದೆ: ಮನೆಯಲ್ಲಿ ಸಾಲಗಾರರಿರುತ್ತಾರೆ, ಪತ್ರಗಳು ಬ್ಯಾಂಕಿನ ಕಪಾಟು ಸೇರುತ್ತವೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 58ನೇ ಕಲಮು ಈ ಎರಡೂ ಬಗೆಯ ಅಡಮಾನವನ್ನು ಹೆಸರಿಸುತ್ತದೆ. (ನಗರದಲ್ಲಿ ಭೋಗ್ಯವೆಂದು ನಡೆಯುವ ಎಷ್ಟೋ ಕರಾರುಗಳು ನೋಂದಣಿಯನ್ನೇ ಕಾಣುವುದಿಲ್ಲ, ಅವಕ್ಕೆ ಕಾಯ್ದೆಯ ಆಸರೆಯೂ ಅಷ್ಟಕ್ಕಷ್ಟೆ.)

ಕಂತು ನಿಂತರೆ ಮನೆಯನ್ನು ಮಾರಿ ಬಾಕಿ ವಸೂಲು ಮಾಡಬಹುದೆಂಬ ಭರವಸೆಯಿರುವುದರಿಂದಲೇ ಬ್ಯಾಂಕು ಕಡಿಮೆ ಬಡ್ಡಿಗೆ, ದೀರ್ಘಾವಧಿಗೆ ಸಾಲ ಕೊಡುತ್ತದೆ. ಶೇ 9ರ ಬಡ್ಡಿಯಲ್ಲಿ 20 ವರ್ಷಕ್ಕೆ 10 ಲಕ್ಷ ರೂಪಾಯಿ ಪಡೆದರೆ ತಿಂಗಳ ಕಂತು ಸುಮಾರು 9,000 ರೂಪಾಯಿ. ಒಟ್ಟು ಕಟ್ಟುವುದು 21.6 ಲಕ್ಷ. ಠೇವಣಿದಾರರು ಮಾತ್ರ ಹಣವನ್ನು ಅಷ್ಟು ಕಾಲ ಬಿಟ್ಟಿರುವುದಿಲ್ಲ. ಅವಧಿಗಳು ಹೊಂದದ ಈ ತೊಡಕನ್ನು ಸಡಿಲಿಸಲು, ಸಾಲ ಕೊಡುವ ಬ್ಯಾಂಕುಗಳಿಗೇ ಸಾಲ (ಮರುಸಾಲ) ಒದಗಿಸುವ ಸಂಸ್ಥೆ ಬೇಕಾಗುತ್ತದೆ. ಭಾರತದಲ್ಲಿ 1988ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ವಸತಿ ಬ್ಯಾಂಕು ಮಾಡುವ ಕೆಲಸಗಳಲ್ಲಿ ಇದೂ ಒಂದು.

ಆದರೆ ನಮ್ಮಂಥ ದೇಶಗಳಲ್ಲಿ ತೊಡಕು ಹಣಕ್ಕಿಂತ ಮೊದಲು ಕಾಗದದಲ್ಲಿದೆ ಎಂಬುದು ನನ್ನ ಅನಿಸಿಕೆ. ಮಂಡ್ಯದ ಹಳ್ಳಿಯೊಂದರಲ್ಲಿ ಗ್ರಾಮಠಾಣಾದೊಳಗಿನ ಮನೆ ಇಂದಿಗೂ ತಾತನ ಹೆಸರಿನಲ್ಲಿರುತ್ತದೆ. ಅಣ್ಣತಮ್ಮಂದಿರ ಪಾಲು ಬಾಯಿಮಾತಿನಲ್ಲೇ ಆಗಿರುತ್ತದೆ. ಗ್ರಾಮ ಪಂಚಾಯಿತಿ ಕೊಡುವ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಕೈಗೆ ಬಂದಿರುವುದಿಲ್ಲ. ಕಬ್ಬಿನ ಹಣ ಕಾರ್ಖಾನೆಯಿಂದ ಬಂದಾಗ ಒಟ್ಟಿಗೆ ಬರುತ್ತದೆ, ಕಂತು ಮಾತ್ರ ತಿಂಗಳು ತಿಂಗಳೂ ಬರುತ್ತದೆ. ಸಂಬಳದ ಚೀಟಿಯಿಲ್ಲದ ತರಕಾರಿ ವ್ಯಾಪಾರಿಗೂ ಇದೇ ಪಾಡು. ಇಂಥವರಿಗೆ ಸಾಲ ಕೊಡುವ ಕೆಲವು ಗೃಹಸಾಲ ಸಂಸ್ಥೆಗಳು ಆದಾಯ ತೆರಿಗೆಯ ದಾಖಲೆಗೆ ಪಟ್ಟು ಹಿಡಿಯದೆ, ಅಧಿಕಾರಿಯನ್ನೇ ಅಂಗಡಿಗೆ ಕಳಿಸಿ ದಿನದ ವಹಿವಾಟನ್ನು ಅಂದಾಜಿಸುತ್ತವೆ. ಆ ಶ್ರಮದ ಖರ್ಚು ಬಡ್ಡಿಯ ದರಕ್ಕೆ ಸೇರುತ್ತದೆ.

ಅಡಮಾನವನ್ನೇ ಕೇಳದ ಇನ್ನೊಂದು ದಾರಿ ಗೃಹ ಕಿರುಸಾಲ. ತಾರಸಿಯ ಮೇಲೆ ಚಾಚಿಕೊಂಡ, ತುಕ್ಕು ಹಿಡಿಯದಿರಲೆಂದು ಸಿಮೆಂಟಿನ ಹಾಲು ಬಳಿದ ಕಂಬಿಗಳನ್ನು ನಾವೆಲ್ಲ ಕಂಡಿದ್ದೇವೆ. ಈ ವರ್ಷ ಗೋಡೆ, ದುಡ್ಡು ಕೂಡಿದಾಗ ಮಾಳಿಗೆ ಎಂದು ಕಟ್ಟುವವರಿಗೆ 20 ವರ್ಷದ ದೊಡ್ಡ ಸಾಲಕ್ಕಿಂತ ಎರಡು ಮೂರು ವರ್ಷದಲ್ಲಿ ತೀರುವ ಸಣ್ಣ ಸಾಲವೇ ಒಗ್ಗುತ್ತದೆ. ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕು 1984ರಲ್ಲಿ ಮನೆಸಾಲ ಆರಂಭಿಸಿದಾಗ ಅದರ ಸರಳ ಮನೆಗೆ ನಾಲ್ಕು ಕಾಂಕ್ರೀಟ್ ಕಂಬ ಮತ್ತು ತಗಡಿನ ಚಾವಣಿ ಮುಖ್ಯವಾಗಿದ್ದವು. ಒತ್ತೆಯ ಬದಲು ಗುಂಪಿನ ಹೊಣೆಗಾರಿಕೆಯನ್ನು ನೆಚ್ಚಿಕೊಂಡಿದ್ದ ಆ ಬ್ಯಾಂಕು, ಮನೆ ನಿಲ್ಲುವ ಜಾಗವು ಸಾಲ ಪಡೆಯುವ ಹೆಂಗಸಿನ ಹೆಸರಿಗೆ ಬರಬೇಕೆಂಬ ನಿಯಮವನ್ನೂ ಇಟ್ಟಿತು. ಜಾಗ ಗಂಡನ ಹೆಸರಿನಲ್ಲಿದ್ದರೆ ಅವನು ಮೊದಲು ಅದನ್ನು ಹೆಂಡತಿಗೆ ಬರೆದುಕೊಡಬೇಕಿತ್ತು.