ಪೋಸ್ಟ್‌ಡಾಕ್ ಯಾವ ಪದವಿ?

‘ಸಮುದ್ರದ ಡೈನೋಸಾರ್‌ಗಳ ಕುರಿತು ಪೋಸ್ಟ್ ಡಾಕ್ಟರೇಟ್ ಪದವಿ ಪಡೆದರು.’ ಇಂಥ ವಾಕ್ಯ ಕಣ್ಣಿಗೆ ಬೀಳುವುದು ಹೊಸದೇನಲ್ಲ. ಈ ಸಲ ಮಾತ್ರ ಸುಮ್ಮನೆ ದಾಟಿಕೊಂಡು ಹೋಗಲು ಮನಸ್ಸಾಗಲಿಲ್ಲ. ಒಂದು ಸಾಲಿನಲ್ಲಿ ಎರಡು ತಪ್ಪು. ಡೈನೋಸಾರ್ ಸ್ವಲ್ಪ ಕಾಯಲಿ, ಮೊದಲು ಆ ‘ಪದವಿ’ಯನ್ನು ನೋಡೋಣ.

ಪಿಎಚ್.ಡಿ ಮುಗಿಸಿದವರು ವಿಶ್ವವಿದ್ಯಾಲಯಕ್ಕೋ ಮ್ಯೂಸಿಯಮ್ಮಿಗೋ ಸೇರಿ, ಇಷ್ಟು ವರ್ಷ ಎಂಬ ಕರಾರಿನ ಮೇಲೆ, ಸಂಬಳ ಪಡೆದು ಮಾಡುವ ಸಂಶೋಧನೆಯ ಕೆಲಸವೇ ಪೋಸ್ಟ್‌ಡಾಕ್. ಅದಕ್ಕೆ ಕೋರ್ಸ್‌ವರ್ಕ್ ಇಲ್ಲ, ಮಹಾಪ್ರಬಂಧ ಇಲ್ಲ, ವೈವಾ ಇಲ್ಲ, ಘಟಿಕೋತ್ಸವದ ಗೌನೂ ಇಲ್ಲ. ಅವಧಿ ಮುಗಿದ ದಿನ ಕೈಯಲ್ಲಿರುವುದು ಪ್ರಕಟವಾದ ಒಂದಿಷ್ಟು ಲೇಖನ, ಪ್ರಕಟವಾಗದೆ ಉಳಿದ ಇನ್ನೊಂದಿಷ್ಟು, ಜೊತೆಗೆ ಮುಂದಿನ ಕೆಲಸಕ್ಕೆ ಹಾಕಬೇಕಾದ ಅರ್ಜಿ. ಹೆಸರಿನ ಪಕ್ಕ ಹೊಸದಾಗಿ ಒಂದಕ್ಷರವೂ ಸೇರುವುದಿಲ್ಲ.

ಈ ಗೊಂದಲದಲ್ಲಿ ನಮ್ಮ ‘ಪದವಿ’ಯ ಪಾಲೂ ಇದೆ. ಸಂಸ್ಕೃತದಲ್ಲಿ ಪದವೀ ಎಂದರೆ ದಾರಿ, ಹೆಜ್ಜೆಯ ಜಾಡು. ಆಮೇಲೆ ಆ ದಾರಿ ಹಿಡಿದು ಹೋಗಿ ಸೇರುವ ಸ್ಥಾನಕ್ಕೂ ಅದೇ ಹೆಸರಾಯಿತು. ಕನ್ನಡದಲ್ಲಿ ಬೇರು ಬಿಟ್ಟದ್ದು ಈ ಎರಡನೆಯ ಅರ್ಥ: ಅಧ್ಯಕ್ಷ ಪದವಿ, ಮಂತ್ರಿ ಪದವಿ, ಇಂದ್ರ ಪದವಿ. ಇವೆಲ್ಲ ಏರಿ ಕೂರುವ, ಒಂದಲ್ಲ ಒಂದು ದಿನ ಇಳಿಯಲೇಬೇಕಾದ ಕುರ್ಚಿಗಳು. ವಿಶ್ವವಿದ್ಯಾಲಯಗಳ ಕಾಲ ಬಂದಾಗ ಡಿಗ್ರಿಗೂ ಇದೇ ಪದವನ್ನು ಅಂಟಿಸಿದೆವು. ಡಿಗ್ರಿಯ ಸ್ವಭಾವವೇ ಬೇರೆ. ಒಮ್ಮೆ ಬಂದರೆ ಜೀವಮಾನಪೂರ್ತಿ ನಮ್ಮದು, ಯಾರಿಗೂ ಬಿಟ್ಟುಕೊಡಬೇಕಿಲ್ಲ. ಒಂದೇ ಪದ ಎರಡನ್ನೂ ಹೊತ್ತಿರುವುದರಿಂದ ‘ಪೋಸ್ಟ್‌ಡಾಕ್ ಪದವಿ’ ಎಂದಾಗ ಓದುಗರು ಸಹಜವಾಗಿ ಬಿ.ಎ, ಎಂ.ಎ, ಪಿಎಚ್.ಡಿ ಸಾಲಿನ ಮುಂದಿನ ಮೆಟ್ಟಿಲು ಎಂದುಕೊಳ್ಳುತ್ತಾರೆ. ನಿಜವಾಗಿ ಅದು ನಹುಷನಿಗೆ ಸಿಕ್ಕ ಬಗೆಯ ಪದವಿ. ಜಾಗ ಖಾಲಿಯಿತ್ತು, ಕರೆದು ಕೂರಿಸಿದರು, ಆಮೇಲೆ ಇಳಿಸಿದರು. (ಅವನು ಇಳಿದು ಹೆಬ್ಬಾವಾದ. ಸರೀಸೃಪಗಳ ಮೇಲೆ ಕೆಲಸ ಮಾಡುವ ಪೋಸ್ಟ್‌ಡಾಕ್‌ಗಳು ಬೇಕಿದ್ದರೆ ಇದನ್ನು ಶಕುನ ಎಂದುಕೊಳ್ಳಬಹುದು.) ಆ ಹಳೆಯ ಅರ್ಥದಲ್ಲಿ ಹೇಳುತ್ತೇವೆ ಎನ್ನುವವರೊಂದಿಗೆ ನನಗೆ ಜಗಳವಿಲ್ಲ. ಆದರೆ ‘ಪದವಿ ಪ್ರದಾನ’ ಎಂದು ಬರೆಯುವವರ ಮನಸ್ಸಿನಲ್ಲಿ ನಹುಷ ಇರುವಂತೆ ಕಾಣುವುದಿಲ್ಲ.

ಪಿಎಚ್.ಡಿಗಿಂತ ಮೇಲಿನ ಡಿಗ್ರಿಯೇ ಬೇಕೆಂದರೆ ಡಿ.ಎಸ್ಸಿ, ಡಿ.ಲಿಟ್ ಇವೆ. ಜರ್ಮನಿಯಲ್ಲಿ ಪ್ರಾಧ್ಯಾಪಕರಾಗಲು ಅರ್ಹತೆ ಕೊಡುವ ಹ್ಯಾಬಿಲಿಟೇಶನ್ ಇದೆ. ಪೋಸ್ಟ್‌ಡಾಕ್ ಅವುಗಳ ನೆಂಟನಲ್ಲ.

‘ಫೆಲೋಶಿಪ್’ ಕಂಡಲ್ಲೆಲ್ಲ ‘ಶಿಷ್ಯವೇತನ’ ಎಂದು ಬರೆದು ಮುಗಿಸುವುದು ಇದಕ್ಕಿಂತ ಹೆಚ್ಚು ಕಿರಿಕಿರಿಯ ವಿಷಯ. ಪಿಎಚ್.ಡಿ ಮಾಡುವವರಿಗೆ ಅದು ಒಪ್ಪುತ್ತದೆ, ಅಲ್ಲಿ ಗೈಡ್ ಇದ್ದಾರೆ, ಶಿಷ್ಯರಿದ್ದಾರೆ. ಪೋಸ್ಟ್‌ಡಾಕ್‌ಗೆ ಬಂದವರು ಶಿಷ್ಯವೃತ್ತಿ ಮುಗಿಸಿದವರು. ಲ್ಯಾಟಿನ್ನಿನ ‘ಡಾಕ್ಟರ್’ ಎಂಬ ಪದಕ್ಕೆ ಕಲಿಸುವವನು ಎಂದೇ ಅರ್ಥ. ಕಲಿಸುವ ಅರ್ಹತೆ ಪಡೆದವರನ್ನು ಮತ್ತೆ ಎಳೆದು ತಂದು ಶಿಷ್ಯರ ಸಾಲಿನಲ್ಲಿ ಕೂರಿಸುವುದೇಕೆ? ‘ಫೆಲೋ’ ಪದದ ಹುಟ್ಟು ಇನ್ನೂ ಸ್ವಾರಸ್ಯದ್ದು. ಹಳೆಯ ನಾರ್ಸ್ ಭಾಷೆಯ ‘ಫೇಲಗಿ’ ಅದರ ಮೂಲ. ‘ಫೇ’ ಎಂದರೆ ದನಕರು, ಅದರಿಂದಾಗಿ ಸೊತ್ತು, ಹಣ. ‘ಲಗ್’ ಎಂದರೆ ಇಡುವುದು. ಧನವೇ ದನವಾಗಿರುವ ಭಾಷೆಯವರಿಗೆ ಈ ನಂಟನ್ನು ಬಿಡಿಸಿ ಹೇಳಬೇಕಿಲ್ಲ. ಒಟ್ಟಿನಲ್ಲಿ ಫೆಲೋ ಎಂದರೆ ವ್ಯವಹಾರಕ್ಕೆ ತನ್ನ ಗಂಟನ್ನೂ ಹಾಕಿದ ಪಾಲುದಾರ. ಬ್ರಿಟನ್ನಿನ ಲೆವರ್‌ಹ್ಯೂಮ್ ಟ್ರಸ್ಟಿನ ಅರ್ಲಿ ಕೆರಿಯರ್ ಫೆಲೋಶಿಪ್‌ನಲ್ಲಿ ಈ ಹಳೆಯ ಅರ್ಥದ ವಾಸನೆ ಇನ್ನೂ ಇದೆ: ಸಂಬಳದ ಅರ್ಧದವರೆಗೆ ಟ್ರಸ್ಟ್ ಕೊಡುತ್ತದೆ, ಉಳಿದದ್ದನ್ನು ಕರೆಸಿಕೊಳ್ಳುವ ವಿಶ್ವವಿದ್ಯಾಲಯ ಹಾಕಬೇಕು. ವಿಭಾಗದವರನ್ನು ಮೊದಲೇ ಒಪ್ಪಿಸದೆ ಅಲ್ಲಿ ಅರ್ಜಿ ಹಾಕಿ ಫಲವಿಲ್ಲ ಎನ್ನುವುದು ಇದರಿಂದಲೇ ಹೊಳೆಯಬೇಕು.

ಫೆಲೋಶಿಪ್ಪಿಗೆ ಬ್ರಿಟನ್ನಿನದೇ ಇನ್ನೊಂದು ಉದಾಹರಣೆ. 2024ರಲ್ಲಿ ಇಕ್ತಿಯೋಟೈಟನ್ ಎಂಬ ಕಡಲ ಸರೀಸೃಪಕ್ಕೆ ಹೆಸರಿಟ್ಟರು. ಇಂಗ್ಲೆಂಡಿನ ಸಾಮರ್ಸೆಟ್ ಕರಾವಳಿಯಲ್ಲಿ ಸಿಕ್ಕ ಕೆಳದವಡೆಯ ಮೂಳೆ, ಸುಮಾರು 20 ಕೋಟಿ ವರ್ಷ ಹಳೆಯದು, ಪ್ರಾಣಿಯ ಉದ್ದ 25 ಮೀಟರಿನವರೆಗೆ ಇದ್ದಿರಬಹುದೆಂಬ ಅಂದಾಜು. ಆ ಅಧ್ಯಯನದ ಮುಂದಾಳು ಡೀನ್ ಲೋಮ್ಯಾಕ್ಸ್ ಆಗ ಬ್ರಿಸ್ಟಲ್ ವಿಶ್ವವಿದ್ಯಾಲಯದಲ್ಲಿ ‘1851 ರಿಸರ್ಚ್ ಫೆಲೋ’. 1851 ಎನ್ನುವುದು ಬ್ಯಾಚಿನ ಸಂಖ್ಯೆಯಲ್ಲ! ಆ ವರ್ಷ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ನಡೆದ ಮಹಾ ಪ್ರದರ್ಶನದಲ್ಲಿ ಉಳಿದ ಲಾಭವನ್ನು ನೋಡಿಕೊಳ್ಳುವ ಆಯೋಗ ಕೊಡುವ ಫೆಲೋಶಿಪ್ ಅದು. ಅದೇ ಹಣದಲ್ಲಿ ಸೌತ್ ಕೆನ್ಸಿಂಗ್ಟನ್ನಿನಲ್ಲಿ ಜಮೀನು ಕೊಂಡಿದ್ದರು. ಹತ್ತೊಂಬತ್ತನೆಯ ಶತಮಾನದ ಪಳೆಯುಳಿಕೆ ಶೋಧಕಿ ಮೇರಿ ಆನಿಂಗ್ ಅಗೆದು ತೆಗೆದ ಪಳೆಯುಳಿಕೆಗಳಿರುವ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಇಂದು ನಿಂತಿರುವುದು ಆ ನೆಲದ ಮೇಲೆ.

ಈಗ ಕಾಯಲು ಹೇಳಿದ್ದ ಡೈನೋಸಾರಿನ ಸರದಿ, ಅಂದರೆ ಆ ಸಾಲಿನ ಎರಡನೆಯ ತಪ್ಪು. ಪ್ರದರ್ಶನ ಮುಗಿದ ಮೇಲೆ ಕ್ರಿಸ್ಟಲ್ ಪ್ಯಾಲೆಸ್ಸನ್ನು ಕಳಚಿ ಸಿಡೆನ್‌ಹ್ಯಾಮಿಗೆ ಸಾಗಿಸಿದರು. 1854ರಲ್ಲಿ ಅಲ್ಲಿನ ಉದ್ಯಾನದಲ್ಲಿ ಶಿಲ್ಪಿ ಬೆಂಜಮಿನ್ ವಾಟರ್‌ಹೌಸ್ ಹಾಕಿನ್ಸ್ ಅಳಿದ ಪ್ರಾಣಿಗಳ ಮೂರ್ತಿಗಳನ್ನು ನಿಲ್ಲಿಸಿದ. ಜನರ ಬಾಯಲ್ಲಿ ಅವು ‘ಕ್ರಿಸ್ಟಲ್ ಪ್ಯಾಲೆಸ್ ಡೈನೋಸಾರ್‌ಗಳು’. ಆ ಗುಂಪಿನಲ್ಲಿ ನಿಜಕ್ಕೂ ಡೈನೋಸಾರ್‌ಗಳೆಂದರೆ ಇಗ್ವಾನೊಡಾನ್, ಮೆಗಲೋಸಾರಸ್, ಹೈಲಿಯೋಸಾರಸ್ ಮೂರೇ ಬಗೆ. ಕೊಳದ ಅಂಚಿನ ಕಡಲ ಸರೀಸೃಪಗಳಾದ ಇಕ್ತಿಯೋಸಾರ್, ಪ್ಲೀಸಿಯೋಸಾರ್, ಮೋಸಸಾರ್ ಯಾವುವೂ ಅಲ್ಲ. ‘ಸಾರ್’ ಎಂದು ಮುಗಿದದ್ದೆಲ್ಲ ಡೈನೋಸಾರ್ ಎಂಬ ಅಭ್ಯಾಸ ಎಷ್ಟು ಹಳೆಯದು ನೋಡಿ. ‘ಸಾರ್’ ಎಂದರೆ ಗ್ರೀಕಿನಲ್ಲಿ ಹಲ್ಲಿ, ಅಷ್ಟೇ. ‘ಬೆಸಿಲೋಸಾರಸ್’ ಎಂಬ ಹೆಸರು ಹೊತ್ತ ಪ್ರಾಣಿ ತಿಮಿಂಗಿಲವೆಂದು ಆಮೇಲೆ ಗೊತ್ತಾಯಿತು, ಹೆಸರು ಬದಲಾಗಲಿಲ್ಲ. ಬ್ರಿಟಿಷ್ ವಿಜ್ಞಾನಿ ರಿಚರ್ಡ್ ಓವನ್ ‘ಡೈನೋಸಾರಿಯಾ’ ಎಂಬ ಹೆಸರನ್ನು 1842ರಲ್ಲಿ ಕಟ್ಟುವ ಹೊತ್ತಿಗೆ ಇಕ್ತಿಯೋಸಾರಸ್, ಪ್ಲೀಸಿಯೋಸಾರಸ್, ಮೋಸಸಾರಸ್‌ಗಳಿಗೆ ನಾಮಕರಣವಾಗಿ ವರ್ಷಗಳೇ ಕಳೆದಿದ್ದವು. ಅವನು ಅವನ್ನು ಈ ಹೊಸ ಗುಂಪಿಗೆ ಸೇರಿಸಲಿಲ್ಲ. ಮೋಸಸಾರ್‌ಗಳು ಇಂದಿನ ಹಲ್ಲಿ, ಹಾವು, ಉಡಗಳ ಬಳಗದವು. ಇಕ್ತಿಯೋಸಾರ್‌ಗಳ ವಂಶವೇ ಬೇರೆ, ಡೈನೋಸಾರ್‌ಗಳ ಕೊನೆಯ ಕಾಲವಾದ ಕ್ರಿಟೇಶಿಯಸ್ ಯುಗ ಮುಗಿಯುವ ಬಹಳ ಮೊದಲೇ ಅವು ಅಳಿದವು. ಸಮುದ್ರದಲ್ಲಿ ಈಜುವ ಡೈನೋಸಾರನ್ನು ನೋಡಲೇಬೇಕು ಎನ್ನುವವರು ಪೆಂಗ್ವಿನ್ ನೋಡಿ ಸಮಾಧಾನಪಡಬಹುದು. ವಂಶವೃಕ್ಷದ ಲೆಕ್ಕದಲ್ಲಿ ಹಕ್ಕಿಗಳು ಡೈನೋಸಾರ್‌ಗಳೇ. ಇದು ಬರೀ ಅತಿಸೂಕ್ಷ್ಮದ ತಕರಾರು ಅನ್ನಿಸಿದರೆ, ಪೋಸ್ಟ್‌ಡಾಕ್ ಅರ್ಜಿಯಲ್ಲಿ ‘ಸಮುದ್ರ ಡೈನೋಸಾರ್’ ಎಂದು ಬರೆದವರ ಗತಿ ಏನಾದೀತೆಂದು ಊಹಿಸಿ.

ಪದವಿಯಲ್ಲ, ಕೆಲಸ ಎಂದ ಮೇಲೆ ಅದರ ‘ಅವಕಾಶ’ ಎಲ್ಲಿ ಎಂಬ ಪ್ರಶ್ನೆ ಉಳಿಯುತ್ತದೆ. ಕಡಲ ಸರೀಸೃಪಗಳ ಪೋಸ್ಟ್‌ಡಾಕ್ ಅವಕಾಶಗಳು ಎಂದರೆ ಕಾಲೇಜು ಸೀಟಿನಂತೆ ವರ್ಷವರ್ಷವೂ ಇಷ್ಟಿಷ್ಟು ತೆರೆಯುತ್ತವೆ ಎಂಬ ಕಲ್ಪನೆ ಇದ್ದರೆ ಬಿಟ್ಟುಬಿಡಿ. ಇರುವುದು ಎರಡು ಬಗೆ, ಎರಡನ್ನೂ ಬೆರೆಸಬಾರದು. ಒಂದರಲ್ಲಿ ಪ್ರಾಧ್ಯಾಪಕರೊಬ್ಬರ ಬಳಿ ಅನುದಾನ ಇರುತ್ತದೆ, ಪ್ರಶ್ನೆಯೂ ಅವರದೇ, ಅದಕ್ಕೆ ಆಳು ಬೇಕು. ಇಂಥ ಜಾಹೀರಾತಿನಲ್ಲಿ ‘ಕಡಲ ಸರೀಸೃಪ’ ಎಂಬ ಮಾತು ಬರುವುದು ಅಪರೂಪ. ಕಶೇರುಕ ಪಳೆಯುಳಿಕೆ ವಿಜ್ಞಾನ, ಮೂಳೆಯ ಸೂಕ್ಷ್ಮರಚನೆ, ಸಿಟಿ ಸ್ಕ್ಯಾನ್, ವಿಕಾಸದ ವೇಗ ಎಂದೆಲ್ಲ ಇರುತ್ತದೆ. ಇಕ್ತಿಯೋಸಾರ್ ಎಂದು ಹುಡುಕುತ್ತ ಕೂತವರಿಗೆ ಅದು ಸಿಗುವುದೇ ಇಲ್ಲ. ಇನ್ನೊಂದು ಫೆಲೋಶಿಪ್: ಪ್ರಶ್ನೆ ನಿಮ್ಮದು, ಹಣ ಮೂರನೆಯವರದು, ಜಾಗ ಕೊಡುವವರನ್ನು ನೀವೇ ಹುಡುಕಬೇಕು. ಜಾಗವನ್ನು ಆರಿಸುವುದು ವಿಶ್ವವಿದ್ಯಾಲಯದ ರ‍್ಯಾಂಕಿಂಗ್ ನೋಡಿ ಅಲ್ಲ, ಮೂಳೆಗಳು ಎಲ್ಲಿವೆ ಎಂದು ನೋಡಿ. ಜರ್ಮನಿಯ ಹೊಲ್ಟ್ಸ್‌ಮಾಡೆನ್ನಿನ ಇಕ್ತಿಯೋಸಾರ್‌ಗಳ ಮೇಲೆ ಕೆಲಸವೆಂದರೆ ಸ್ಟುಟ್‌ಗಾರ್ಟ್ ಅಥವಾ ಟ್ಯೂಬಿಂಗನ್. ಸ್ವಿಟ್ಜರ್ಲೆಂಡ್-ಇಟಲಿ ಗಡಿಯ ಮಾಂಟೆ ಸ್ಯಾನ್ ಜಾರ್ಜಿಯೊ ಬೆಟ್ಟದ ಟ್ರಯಾಸಿಕ್ ಯುಗದ ಸಂಗ್ರಹಕ್ಕೆ ಜ್ಯೂರಿಕ್. ನಾರ್ವೆಗೆ ಸೇರಿದ ಉತ್ತರ ಧ್ರುವದ ಬಳಿಯ ಸ್ವಾಲ್‌ಬಾರ್ಡ್ ದ್ವೀಪಗಳ ಮೂಳೆಗಳಿಗೆ ಓಸ್ಲೊ. ಹೊಟ್ಟೆಯಲ್ಲಿ ಮರಿ ಇರುವಾಗಲೇ ಕಲ್ಲಾದ ತಾಯಿ ಇಕ್ತಿಯೋಸಾರನ್ನು ಯಾರೂ ಕೊರಿಯರ್‌ನಲ್ಲಿ ಕಳಿಸುವುದಿಲ್ಲ.

ಜಾಗ ಆರಿಸಿದರೂ ನಿಯಮ ಅಡ್ಡ ಬರಬಹುದು. ಯುರೋಪಿಯನ್ ಒಕ್ಕೂಟದ ಮೇರಿ ಸ್ಕ್ಲಡೊವ್‌ಸ್ಕ ಕ್ಯೂರಿ ಪೋಸ್ಟ್‌ಡಾಕ್ ಫೆಲೋಶಿಪ್‌ಗೆ, ಅರ್ಜಿಯ ಕೊನೆಯ ದಿನಕ್ಕೆ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಹೋಗಬೇಕಿರುವ ದೇಶದಲ್ಲೇ ಇದ್ದಿರಬಾರದು. ಜರ್ಮನಿಯಲ್ಲಿ ಆಗಷ್ಟೇ ಪಿಎಚ್.ಡಿ ಮುಗಿಸಿದವರಿಗೆ ಸ್ಟುಟ್‌ಗಾರ್ಟಿನ ಬಾಗಿಲು ಈ ದಾರಿಯಿಂದ ಮುಚ್ಚಿದ ಹಾಗೆಯೇ. ಹೊರಗಿನಿಂದ ಬರುವವರಿಗೆ ಇದೇ ಅನುಕೂಲ. ಜರ್ಮನಿಯ ಹುಂಬೋಲ್ಟ್ ಪ್ರತಿಷ್ಠಾನದ ಫೆಲೋಶಿಪ್ಪಿಗೆ ವರ್ಷದ ಯಾವ ದಿನವಾದರೂ ಅರ್ಜಿ ಹಾಕಬಹುದು, ಪೋಸ್ಟ್‌ಡಾಕ್ ವರ್ಗದಲ್ಲಿ ಪಿಎಚ್.ಡಿ ಆಗಿ ನಾಲ್ಕು ವರ್ಷ ಮೀರಿರಬಾರದು. ಕ್ಯೂರಿ ಫೆಲೋಶಿಪ್ಪಿನಲ್ಲಿ ಎಂಟು ವರ್ಷದವರೆಗೆ ಸಮಯವಿದೆ, ಸಂಶೋಧನೆಯಿಂದ ಹೊರಗುಳಿದ ಕಾಲವನ್ನು ಅದರಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದ್ದರಿಂದ ಮಗುವಿಗಾಗಿ ರಜೆ ತೆಗೆದುಕೊಂಡವರು ಆ ತಿಂಗಳುಗಳ ದಾಖಲೆಯನ್ನು ಜೋಪಾನವಾಗಿ ಇಟ್ಟುಕೊಂಡಿರಬೇಕು.