ಹಿಮದ ಮೇಲೆ ಜಾರಿ ಬಲ್ಲವರು ಮರಳಿಗಿಳಿದರೆ…

ಪ್ರಶ್ನೆ: ಗುಲ್ಮಾರ್ಗ್‌ನಲ್ಲಿ ನಾಲ್ಕು ಚಳಿಗಾಲ ಸ್ನೋಬೋರ್ಡಿಂಗ್ (ಎರಡೂ ಕಾಲನ್ನು ಒಂದೇ ಹಲಗೆಗೆ ಬಿಗಿದು ಹಿಮದ ಮೇಲೆ ಜಾರುವ ಆಟ) ಮಾಡಿದ್ದೇನೆ. ಅರೇಬಿಕಾ ಕಾಫಿ ಕೊಯ್ಲು ಮುಗಿಸಿಕೊಂಡು ಜನವರಿ ಕೊನೆಗೆ ಜೈಸಲ್ಮೇರ್‌ಗೆ ಹೊರಟಿದ್ದೇವೆ. ಅಲ್ಲಿನ ಮರಳುದಿಣ್ಣೆಯಲ್ಲಿ ನನ್ನ ಬೋರ್ಡೇ ಸಾಕಾ? ಹೊಸದಾಗಿ ಕಲಿಯುವುದೇನಾದರೂ ಇದೆಯಾ? — ಓದುಗರೊಬ್ಬರು, ಚಿಕ್ಕಮಗಳೂರು

ನಿಮ್ಮ ಬೋರ್ಡನ್ನು ಮನೆಯಲ್ಲೇ ಬಿಡಿ. ಅದರ ತಳ ಪಾಲಿಥಿಲೀನ್, ಮೇಣ ಹೀರಿಕೊಳ್ಳಲೆಂದೇ ಮಾಡಿದ ಮೃದು ಪ್ಲಾಸ್ಟಿಕ್. ಮರುಭೂಮಿಯ ಮರಳಿನಲ್ಲಿ ಬಹುಪಾಲು ಕ್ವಾರ್ಟ್ಜ್. ಗಡಸುತನ ಅಳೆಯುವ, 1ರಿಂದ 10ರವರೆಗಿನ ಮೋಸ್ ಮಾಪಕದಲ್ಲಿ ಅದು 7. ಕೆಲವೇ ಸಲ ಇಳಿಯುವಷ್ಟರಲ್ಲಿ ತಳದ ತುಂಬ ಗೀರು ಬೀಳುತ್ತದೆ, ಆಮೇಲೆ ಹಿಮದಲ್ಲೂ ಅದು ಮೊದಲಿನಂತೆ ಜಾರುವುದಿಲ್ಲ. ಮರಳಿಗೆಂದೇ ಮಾಡಿದ ಸ್ಯಾಂಡ್‌ಬೋರ್ಡಿನ ತಳಕ್ಕೆ ಗಟ್ಟಿ ಲ್ಯಾಮಿನೇಟ್ ಹಾಳೆ ಇರುತ್ತದೆ, ಅಡುಗೆಮನೆ ಕಪಾಟಿಗೆ ಅಂಟಿಸುತ್ತೇವಲ್ಲ, ಆ ಸನ್‌ಮೈಕಾದ ಜಾತಿಯದು. ಬಾಡಿಗೆಗೆ ತೆಗೆದುಕೊಳ್ಳುವ ಮುಂಚೆ ಬೋರ್ಡ್ ಮಗುಚಿ ಬೆರಳಾಡಿಸಿ ನೋಡಿ. ತರಿತರಿ ಸಿಕ್ಕಿದರೆ ಬೇರೆಯದನ್ನು ಕೇಳಿ.

ಹಿಮದಲ್ಲಿ ಬೋರ್ಡಿನಡಿ ತೆಳ್ಳನೆ ನೀರಿನ ಪದರ ಹುಟ್ಟಿ ಜಾರಿಸುತ್ತದೆ. ಮರಳಿನಲ್ಲಿ ಆ ಉಪಕಾರ ಇಲ್ಲ. ಗುಲ್ಮಾರ್ಗ್‌ನಲ್ಲಿ ಸಲೀಸಾಗಿ ಸಾಗುವ 10–15 ಡಿಗ್ರಿಯ ಇಳಿಜಾರಿನಲ್ಲಿ ಇಲ್ಲಿ ಬೋರ್ಡ್ ಕದಲುವುದೇ ಇಲ್ಲ. ಬೇಕಾದ್ದು 30 ಡಿಗ್ರಿ ಆಸುಪಾಸು, ಅದು ಸಿಗುವುದು ದಿಣ್ಣೆಯ ಗಾಳಿಮರೆಯ ಬದಿಯಲ್ಲಿ. ಕಣದಲ್ಲಿ ಒಣಗಿದ ಕಾಫಿಯನ್ನು ಗುಡ್ಡೆ ಹಾಕುವಾಗ ಗಮನಿಸಿರುತ್ತೀರಿ: ರಾಶಿ ಒಂದು ಇಳಿಜಾರಿಗೆ ಬಂದು ನಿಲ್ಲುತ್ತದೆ, ಮೇಲೆ ಇನ್ನೊಂದು ಬುಟ್ಟಿ ಸುರಿದರೆ ಕಾಳುಗಳು ಬದಿಯಿಂದ ಜಾರಿ ಮತ್ತೆ ಅದೇ ಇಳಿಜಾರು. ಒಣ ಮರಳಿಗೆ ಆ ಕೋನ 32–34 ಡಿಗ್ರಿ. ಗಾಳಿಗೆ ಮುಖ ಮಾಡಿದ ಬದಿ ಇಷ್ಟು ಕಡಿದಾಗಿರುವುದಿಲ್ಲ, ಮರಳೂ ಒತ್ತಿ ಗಟ್ಟಿಯಾಗಿರುತ್ತದೆ. ಅದನ್ನು ಹತ್ತಲು ಇಟ್ಟುಕೊಳ್ಳಿ.

ಮೇಣದ ವಿಷಯದಲ್ಲಿ ಅಸಡ್ಡೆ ಬೇಡ. ಹಿಮದಲ್ಲಿ ಇಸ್ತ್ರಿಪೆಟ್ಟಿಗೆಯಿಂದ ಒಮ್ಮೆ ಕರಗಿಸಿ ಹಚ್ಚಿದರೆ ದಿನ ಕಳೆಯುತ್ತದೆ; ಮರಳು ಅದನ್ನು ಒಂದೇ ಇಳಿತದಲ್ಲಿ ಉಜ್ಜಿ ತೆಗೆಯುತ್ತದೆ. ಪ್ರತಿ ಸಲ ಇಳಿಯುವ ಮುಂಚೆ ತಳವನ್ನು ಬಟ್ಟೆಯಿಂದ ಒರೆಸಿ, ಗಟ್ಟಿ ಪ್ಯಾರಾಫಿನ್ ಮೇಣವನ್ನು ಮೂತಿಯಿಂದ ಬಾಲದ ಕಡೆಗೆ ಉದ್ದುದ್ದಕ್ಕೆ ಉಜ್ಜಿ. ಕರೆಂಟು ಹೋದಾಗ ಹಚ್ಚುವ ಬಿಳಿ ಮೇಣದಬತ್ತಿಯೂ ನಡೆಯುತ್ತದೆ. ತೆಳುವಾಗಿ, ಸಮನಾಗಿ ಹಚ್ಚಬೇಕು. ಗಂಟುಗಂಟಾಗಿ ಉಳಿದರೆ ಅಲ್ಲೇ ಮರಳು ಅಂಟಿಕೊಂಡು ಬೋರ್ಡನ್ನು ಹಿಡಿದೆಳೆಯುತ್ತದೆ.

ಈಗ ನಿಮ್ಮ ಅಭ್ಯಾಸದ ಮಾತು. ನಿಲುವು, ಮೊಣಕಾಲಿನ ಬಾಗು, ನೋಟ ಮುಂದಿಡುವುದು, ಇವೆಲ್ಲ ಹಾಗೇ ಕೈಹಿಡಿಯುತ್ತವೆ. ಕೈಕೊಡುವುದು ಅಂಚಿನ ಮೇಲಿನ ನಂಬಿಕೆ. ಗಟ್ಟಿ ಹಿಮದಲ್ಲಿ ಅಂಚು ಕಚ್ಚಿದರೆ ತಿರುವು ಸಿಗುತ್ತದೆ. ಸಡಿಲ ಮರಳಿನಲ್ಲಿ ಕಚ್ಚಿದ ಅಂಚು ಹೂತು ಬೋರ್ಡ್ ತಟಕ್ಕನೆ ನಿಲ್ಲುತ್ತದೆ, ನೀವು ಮಾತ್ರ ಮುಂದಕ್ಕೆ ಹೋಗುತ್ತೀರಿ. ಆದ್ದರಿಂದ ಶುರುವಿನಲ್ಲಿ ಬೋರ್ಡನ್ನು ಚಪ್ಪಟೆಯಾಗಿಟ್ಟು ನೇರ ಕೆಳಕ್ಕೆ ಬಿಡಿ. ಆಳವಾದ ಹೊಸ ಹಿಮದಲ್ಲಿ ಮಾಡುವಂತೆ ಭಾರವನ್ನು ತುಸು ಹಿಂಗಾಲಿಗೆ ಕೊಡಿ, ಮೂತಿ ಮರಳಿನ ಮೇಲೆ ತೇಲಬೇಕು. ವೇಗ ಬಂದ ಮೇಲಷ್ಟೇ ತಿರುವು, ಅದೂ ಭುಜ ಮತ್ತು ಸೊಂಟದಿಂದ, ಅಗಲವಾಗಿ, ಅಂಚನ್ನು ಸ್ವಲ್ಪವೇ ಎತ್ತಿ. ವೇಗವಿಲ್ಲದೆ ತಿರುಗಿಸಲು ಹೋದರೆ ಇಳಿಜಾರಿನ ನಡುವೆಯೇ ಸಿಕ್ಕಿಕೊಳ್ಳುತ್ತೀರಿ. ಬ್ರೇಕಿನ ಚಿಂತೆ ಬೇಡ, ಬುಡದ ಸಮತಟ್ಟು ತಾನೇ ನಿಲ್ಲಿಸುತ್ತದೆ. ನಡುವೆ ನಿಲ್ಲಲೇಬೇಕಾದರೆ ಹಿಂದಕ್ಕೆ ಕುಳಿತುಬಿಡಿ. ಬೀಳುವಾಗ ಅಂಗೈ ಊರಬೇಡಿ, ಮಣಿಕಟ್ಟು ಮುರಿಯುವುದು ಹಾಗೆಯೇ.

ಇಳಿಯುವ ಮುಂಚೆ ಬುಡಕ್ಕೆ ನಡೆದು ಹೋಗಿ ನೋಡಿಕೊಂಡು ಬನ್ನಿ: ಮುಳ್ಳುಪೊದೆ, ಜೀಪಿನ ಜಾಡು, ಒಂಟೆ ಸಾಗುವ ದಾರಿ. ಜೈಸಲ್ಮೇರ್‌ನಿಂದ ಸುಮಾರು 40 ಕಿ.ಮೀ. ದೂರದ ಸಮ್ ದಿಣ್ಣೆಗಳಲ್ಲಿ ಸಂಜೆ ಪ್ರವಾಸಿಗರದೇ ಜಾತ್ರೆ, ಹಾಗಾಗಿ ಬೆಳಗ್ಗೆಯೇ ಮೇಲು. ಆದರೆ ಇಬ್ಬನಿ ಬಿದ್ದ ಮರಳು ಬೋರ್ಡನ್ನು ಹಿಡಿಯುತ್ತದೆ, ಬಿಸಿಲು ತಾಗಿ ಮೇಲ್ಪದರ ಒಣಗುವವರೆಗೆ ಕಾಯಿರಿ. ಕನ್ನಡಕ, ಉದ್ದ ತೋಳಿನ ಅಂಗಿ ಇರಲಿ. ಕಾಲನ್ನು ಬೋರ್ಡಿಗೆ ಬಿಗಿಯುವ ಬೈಂಡಿಂಗ್‌ನಲ್ಲಿ ಮರಳು ಸೇರಿ ಕಿರುಗುಟ್ಟಿದರೆ ಒಣ ಬ್ರಷ್‌ನಿಂದ ಉದುರಿಸಿ. ಎಣ್ಣೆ ಬಿಟ್ಟರೆ ಇನ್ನಷ್ಟು ಮರಳು ಕಚ್ಚಿಕೊಳ್ಳುತ್ತದೆ.

ಲಿಫ್ಟ್ ಇಲ್ಲ ಎನ್ನುವುದನ್ನು ಮರೆಯಬೇಡಿ. 30 ಮೀಟರ್ ಎತ್ತರದ ದಿಣ್ಣೆಯಲ್ಲಿ ಇಳಿಜಾರು ಸುಮಾರು 55 ಮೀಟರ್. ಕೆಲವು ಸೆಕೆಂಡಿನಲ್ಲಿ ಮುಗಿಯುತ್ತದೆ. ಹತ್ತು ಸಲ ಇಳಿದರೆ ಬೋರ್ಡ್ ಹೊತ್ತು 300 ಮೀಟರ್ ಏರಿದಂತೆ, ಅದೂ ಪ್ರತಿ ಹೆಜ್ಜೆ ಹಿಂದಕ್ಕೆ ಕುಸಿಯುವ ಮರಳಿನಲ್ಲಿ. ಕಾಲಿಗೆ ಈಗಿನಿಂದಲೇ ಕೆಲಸ ಕೊಡಿ, ವಾರಕ್ಕೊಮ್ಮೆ ಸರ್ಪದಾರಿಯಿಂದ ಮುಳ್ಳಯ್ಯನಗಿರಿ ಹತ್ತಿ. ಅಲ್ಲಿನ ಹುಲ್ಲಿನ ಇಳಿಜಾರು ಕಂಡು ಬೋರ್ಡ್ ಹಾಕುವ ಆಸೆ ಬಂದರೆ ದಯವಿಟ್ಟು ತಡೆದುಕೊಳ್ಳಿ. ಮರಳಿನ ಗೀರನ್ನು ಗಾಳಿ ಮುಚ್ಚುತ್ತದೆ. ಗಿರಿಯಲ್ಲಿ ಹುಲ್ಲು ಕಿತ್ತ ಜಾಗದ ಮಣ್ಣು ಮುಂಗಾರಿಗೆ ಕೊಚ್ಚಿ ಹೋಗುತ್ತದೆ.